ಉಂಬಳವೂ ಶಬ್ದಮಣಿದರ್ಪಣವೂ

ಜೂನ್ ತಿಂಗಳು ಬಂತೆಂದರೆ ನಮ್ಮ ಮಲೆನಾಡಿನಲ್ಲಿ ಎರಡು ಸಂಗತಿಗಳು ಒಟ್ಟಿಗೇ ಆರಂಭವಾಗುತ್ತವೆ: ಒಂದು ಮಳೆ, ಇನ್ನೊಂದು ಪಾಠ. ಎರಡಕ್ಕೂ ಮೊದಮೊದಲು ಗದ್ದಲ ಹೆಚ್ಚು. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮೇಷ್ಟರ ಮಾತು ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ಬಾಗಿಲ ಮೂಲೆಯಲ್ಲಿ ಒರಗಿಸಿಟ್ಟ ಕೊಡೆಗಳಿಂದ ನೀರು ಹರಿದು ಮೇಜಿನ ಕಾಲಿನವರೆಗೆ ಬಂದಿರುತ್ತದೆ. ಅಂಥ ದಿನ ಕನ್ನಡದ ಅಧ್ಯಾಪಕನಾದವನು ತರಗತಿಗೆ ಹೋಗಿ ಮೊದಲು ಹೇಳಬೇಕಾದ ಮಾತು ಯಾವುದು?

ನಾನು ಬಹುಕಾಲ ಹೇಳುತ್ತಿದ್ದ ಮಾತು ಇದು: “ನಾಳೆ ಎರಡು ನೋಟುಬುಕ್ಕು ತನ್ನಿ. ಒಂದು ವ್ಯಾಕರಣಕ್ಕೆ, ಒಂದು ಪ್ರಬಂಧಕ್ಕೆ.” ನನ್ನ ಗುರುಗಳೂ ಹಾಗೆಯೇ ಹೇಳಿದ್ದರು, ಅವರ ಗುರುಗಳೂ ಹೇಳಿದ್ದಿರಬೇಕು. ಒಂದು ಪುಸ್ತಕದಲ್ಲಿ ಸಂಧಿ, ಸಮಾಸ, ವಿಭಕ್ತಿ. ಇನ್ನೊಂದರಲ್ಲಿ ಮಳೆಗಾಲದ ವರ್ಣನೆ, ಗೆಳೆಯನಿಗೊಂದು ಪತ್ರ, ಗಾದೆಯ ವಿಸ್ತರಣೆ. ಎರಡರ ನಡುವೆ ಒಂದು ಗೋಡೆ. ಈ ಗೋಡೆ ನಮ್ಮ ಹಿರಿಯರು ಕಟ್ಟಿದ್ದಲ್ಲ, ತೀರ ಈಚಿನದು ಎಂಬುದು ನನ್ನ ಇಂದಿನ ಮಾತು. ಆದರೆ ಇದನ್ನು ನಾನು ಮೊದಲು ತಿಳಿದದ್ದು ಯಾವ ಗ್ರಂಥದಿಂದಲೂ ಅಲ್ಲ, ಒಂದು ಉಂಬಳದಿಂದ ಎಂದರೆ ವಾಚಕರು ನಗಬಾರದು.

ನಾನು ಬಯಲುಸೀಮೆಯವನು. ಹುಟ್ಟಿದ ಊರಿನಲ್ಲಿ ಮಳೆಯೆಂದರೆ ನಾಲ್ಕು ಹನಿ, ಆಮೇಲೆ ಮೋಡ ನೋಡುವುದು. ಕೆಲಸದ ಮೇಲೆ ಸಾಗರದ ಕಡೆಗೆ ಬಂದ ಮೊದಲ ವರ್ಷದ ಮಾತು ಇದು. ತರಗತಿ ಆರಂಭವಾಗಿ ಒಂದು ವಾರವಾಗಿತ್ತು. ‘ನಮ್ಮೂರಿನ ಮಳೆಗಾಲ’ ಎಂದು ಪ್ರಬಂಧ ಬರೆಯಲು ಹೇಳಿದೆ. ಬ್ಯಾಕೋಡಿನ ಕಡೆಯಿಂದ ಬಂದು ಸಾಗರದಲ್ಲಿ ನೆಂಟರ ಮನೆಯಲ್ಲಿ ಉಳಿದು ಓದುತ್ತಿದ್ದ ಹುಡುಗಿಯೊಬ್ಬಳು ಬರೆದಿದ್ದಳು: ನೆಟ್ಟಿಗೆ ಹೋಗುವಾಗ ಸಂಕ ದಾಟಬೇಕು, ಅಮ್ಮನ ಕಾಲಿಗೆ ಉಂಬಳ ಹತ್ತುತ್ತದೆ, ಅಮ್ಮ ಬಗ್ಗಿ ನೋಡುವುದಿಲ್ಲ, ಕೈಯಲ್ಲಿ ಸಸಿ ಇರುತ್ತದೆ.

ಇಂದು ಆ ವಾಕ್ಯಗಳನ್ನು ನೆನೆದರೆ ಇಡೀ ತರಗತಿಯಲ್ಲಿ ಅಷ್ಟು ನೇರವಾಗಿ ಬರೆದವರು ಬೇರೆ ಯಾರೂ ಇರಲಿಲ್ಲವೆಂದು ತಿಳಿಯುತ್ತದೆ. ಅಂದು ನಾನು ಮಾಡಿದ್ದೇನು? ಕೆಂಪು ಶಾಯಿಯಲ್ಲಿ ‘ನೆಟ್ಟಿ’ಯನ್ನು ಹೊಡೆದು ‘ನಾಟಿ’ ಎಂದು ಬರೆದೆ. ‘ಸಂಕ’ವನ್ನು ಹೊಡೆದು ‘ಸೇತುವೆ’ ಎಂದು ಬರೆದೆ. ‘ಉಂಬಳ’ವನ್ನು ಹೊಡೆದು ‘ಜಿಗಣೆ’ ಎಂದು ಬರೆದೆ. ಅಂಚಿನಲ್ಲಿ ‘ಗ್ರಾಮ್ಯ ಪದಗಳನ್ನು ಬಿಡಬೇಕು’ ಎಂದು ಒಂದು ಷರಾ ಬೇರೆ. ಪುಸ್ತಕ ಹಿಂದಕ್ಕೆ ತೆಗೆದುಕೊಳ್ಳುವಾಗ ಅವಳು ಮೆಲ್ಲಗೆ, “ಸಾರ್, ನಮ್ಮಲ್ಲಿ ಹಾಗೆ ಹೇಳುವುದಿಲ್ಲ” ಎಂದಳು. “ಪರೀಕ್ಷೆಯಲ್ಲಿ ನಿಮ್ಮಲ್ಲಿ ಹೇಳುವ ಹಾಗೆ ಬರೆದರೆ ಅಂಕ ಬರುವುದಿಲ್ಲಮ್ಮ” ಎಂದೆ. ತರಗತಿ ನಕ್ಕಿತು. ನಾನೂ ನಕ್ಕಿರಬೇಕು.

ಆಮೇಲಿನ ಎರಡು ವರ್ಷ ಅವಳ ಪ್ರಬಂಧಗಳಲ್ಲಿ ಒಂದು ತಪ್ಪೂ ಸಿಗಲಿಲ್ಲ. ಒಂದು ಜೀವಂತ ವಾಕ್ಯವೂ ಸಿಗಲಿಲ್ಲ. ಮಳೆಗಾಲವೆಂದರೆ ಪ್ರಕೃತಿಮಾತೆ ಹಸಿರು ಸೀರೆ ಉಡುತ್ತಿದ್ದಳು, ಅಷ್ಟೆ. ಒಳ್ಳೆಯ ಅಂಕ ಪಡೆದು ಹೊರಟುಹೋದಳು.

ಮಾರನೆಯ ವರ್ಷ ಆಷಾಢದಲ್ಲಿ ಸ್ನೇಹಿತರೊಬ್ಬರ ಮನೆಗೆಂದು ಬ್ಯಾಕೋಡಿಗೆ ಹೋದೆ. ಆಗ ಹೋಗುವುದೆಂದರೆ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾದು, ಶರಾವತಿಯ ಹಿನ್ನೀರು ದಾಟಿ, ಕಳಸವಳ್ಳಿಯಲ್ಲಿ ಇಳಿದು, ತುಮರಿಯ ಮೇಲೆ ಹೋಗಬೇಕಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ತೋಟ ನೋಡಲು ಇಳಿದೆವು. ಹಿಂತಿರುಗಿ ಜಗಲಿಯಲ್ಲಿ ಕುಳಿತಾಗ ನನ್ನ ಪಾದದ ಮೇಲೆ ರಕ್ತ. “ಅಯ್ಯೋ ಜಿಗಣೆ!” ಎಂದು ಕೂಗಿದೆ. ಸ್ನೇಹಿತರ ತಂದೆ, ಎಂಬತ್ತರ ಆಚೆಯ ಹಿರಿಯರು, ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ತಾಗಿಸಿ ಅದನ್ನು ಬಿಡಿಸಿದರು. ನಗುತ್ತ ಹೇಳಿದರು: “ಮೇಷ್ಟ್ರೇ, ಇದು ಜಿಗಣೆ ಅಲ್ಲ, ಉಂಬಳ. ಜಿಗಣೆ ನೀರಿನದು, ಇದು ನೆಲದ್ದು. ಜಿಗಣೆ ಇದ್ದಲ್ಲಿಗೆ ನಾವು ಹೋಗಬೇಕು. ಉಂಬಳ ನಾವಿದ್ದಲ್ಲಿಗೆ ತಾನೇ ಬರ್ತದೆ.”

ನನಗೆ ಉಂಬಳ ಕಚ್ಚಿದ್ದು ಆಗಲೇ ಎಂದು ಹೇಳಬೇಕು. ಆ ಹುಡುಗಿ ಬರೆದದ್ದು ಗ್ರಾಮ್ಯವಲ್ಲ, ನಿಖರ. ನಾನು ತಿದ್ದಿ ಬರೆದದ್ದು ಶಿಷ್ಟವಲ್ಲ, ಸುಳ್ಳು. ಎರಡು ಬೇರೆ ಜೀವಿಗಳಿಗೆ ಎರಡು ಬೇರೆ ಹೆಸರಿಟ್ಟುಕೊಂಡ ಭಾಷೆಯಿಂದ ಒಂದು ಹೆಸರನ್ನು ಕಿತ್ತು ಹಾಕಿ ಅದಕ್ಕೆ ವ್ಯಾಕರಣವೆಂದು ಕರೆದಿದ್ದೆ. ಸಂಕವೂ ಹಾಗೆಯೇ. ಹಳ್ಳದ ಮೇಲೆ ಅಡ್ಡ ಹಾಕಿದ ಮರದ ಮೇಲೆ ಕಾಲಿಡುವವರ ಎದೆಬಡಿತ ‘ಸೇತುವೆ’ ಎಂಬ ಮಾತಿನಲ್ಲಿ ಇಲ್ಲ.

*

ಅಂದಿನಿಂದ ನಾನು ನಮ್ಮ ಹಳೆಯ ವ್ಯಾಕರಣಕಾರರನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ಅವರಿಗೆ ವ್ಯಾಕರಣವೆಂದರೆ ಏನಾಗಿತ್ತು? ತಿದ್ದುವ ಕೋಲೋ, ಕೇಳುವ ಕಿವಿಯೋ?

ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ್ದು. ಇಲ್ಲೊಂದು ವಿಶೇಷವಿದೆ. ನಮ್ಮ ಮೊದಲ ಉಪಲಬ್ಧ ಗ್ರಂಥ ಕಾವ್ಯವಲ್ಲ. ಕಾವ್ಯ ಬರೆಯಹೊರಟವರಿಗೆ ಹೇಳಿದ ಪಾಠ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸೃಜನಶೀಲ ಬರವಣಿಗೆಯ ಪಠ್ಯಪುಸ್ತಕ. ದಂಡಿಯ ‘ಕಾವ್ಯಾದರ್ಶ’ವನ್ನು ಎದುರಿಗಿಟ್ಟುಕೊಂಡು ಹೊರಟರೂ ಕನ್ನಡದ ಪ್ರಶ್ನೆಗಳು ಬಂದಾಗ ಗ್ರಂಥಕಾರನು ತನ್ನ ನೆಲದ ಮೇಲೆಯೇ ನಿಲ್ಲುತ್ತಾನೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಹದವರಿಯದೆ ಸಮಾಸ ಮಾಡಿದರೆ ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತಾಗುತ್ತದೆ ಎನ್ನುತ್ತಾನೆ. ಸಮಾಸಪ್ರಕರಣದ ನಿಯಮವನ್ನು ಅಡುಗೆಮನೆಯ ಒಲೆಯಿಂದ ಎತ್ತಿ ತೋರಿಸಿದ ಮೇಷ್ಟರು ಇವರು! ಕೇಳಿದವರು ಮರೆಯುವಂತಿಲ್ಲ.

ಅದೇ ಗ್ರಂಥದಲ್ಲಿ ಇನ್ನೆರಡು ಮಾತುಗಳಿವೆ. ಈ ನಾಡಿನ ಜನ ಗ್ರಂಥ ಹಿಡಿದು ಓದದೆಯೂ ಕಾವ್ಯದ ವಿಷಯದಲ್ಲಿ ನಿಪುಣರು ಎಂಬುದು ಒಂದು. ಇದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ದೇಸಿ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಕನ್ನಡಗಳ ದೋಷ ಇಷ್ಟೆಂದು ಎಣಿಸಹೊರಟರೆ ಸಾವಿರ ಹೆಡೆಯ ವಾಸುಕಿಗೂ ಬೇಸರವಾದೀತು ಎಂಬುದು ಇನ್ನೊಂದು; ಇದನ್ನು ಅಷ್ಟಾಗಿ ಹೇಳುವುದಿಲ್ಲ. ಗಮನಿಸಿ: ‘ಕನ್ನಡ’ವಲ್ಲ, ‘ಕನ್ನಡಗಳು’. ಬಹುವಚನ. ಸಾವಿರದ ನೂರು ವರ್ಷಗಳ ಹಿಂದೆಯೇ ಬರವಣಿಗೆಯ ಮೇಷ್ಟರಿಗೆ ತನ್ನ ತರಗತಿಯಲ್ಲಿ ಹಲವು ಊರಿನ ಮಕ್ಕಳು ಕುಳಿತಿದ್ದಾರೆಂಬ ಎಚ್ಚರವಿತ್ತು.

ಮುಂದೆ ನಾಗವರ್ಮನನ್ನು ನೋಡೋಣ. ಇವನು ಹನ್ನೆರಡನೆಯ ಶತಮಾನದವನೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಸಂಸ್ಕೃತ ಸೂತ್ರಗಳಲ್ಲಿ ‘ಕರ್ಣಾಟಕ ಭಾಷಾಭೂಷಣ’ವೆಂಬ ಕನ್ನಡ ವ್ಯಾಕರಣವನ್ನು ಬರೆದವನು, ಕನ್ನಡದಲ್ಲಿ ‘ಕಾವ್ಯಾವಲೋಕನ’ವನ್ನೂ ಬರೆದ. ‘ಕಾವ್ಯಾವಲೋಕನ’ ಹೆಸರೇ ಹೇಳುವಂತೆ ಕಾವ್ಯದ ವಿಚಾರ: ಗುಣ, ದೋಷ, ರೀತಿ, ರಸ, ಕವಿಸಮಯ. ಆದರೆ ಅದರ ಮೊದಲನೆಯ ಅಧಿಕರಣ ‘ಶಬ್ದಸ್ಮೃತಿ’. ಅದು ಶುದ್ಧ ವ್ಯಾಕರಣ. ಅಂದರೆ ಒಂದೇ ಹೊದಿಕೆಯೊಳಗೆ ಮೊದಲು ಸಂಧಿ ಸಮಾಸ, ಆಮೇಲೆ ರಸ. ನಾಗವರ್ಮನ ಶಿಷ್ಯರು ಎರಡು ನೋಟುಬುಕ್ಕು ತರಬೇಕಾಗಿರಲಿಲ್ಲ.

ಇನ್ನು ಕೇಶಿರಾಜ. ಸುಮಾರು ೧೨೬೦ರ ‘ಶಬ್ದಮಣಿದರ್ಪಣ’ವೆಂದರೆ ವಿದ್ಯಾರ್ಥಿಗಳಿಗೆ ಇಂದಿಗೂ ಚಳಿ ಹುಟ್ಟಿಸುವ ಹೆಸರು. ಆದರೆ ಕೇಶಿರಾಜನ ಮನೆತನ ಎಂಥದ್ದೆಂದು ನೋಡಬೇಕು. ತಂದೆ ಮಲ್ಲಿಕಾರ್ಜುನ, ಹಳೆಯ ಕಾವ್ಯಗಳಿಂದ ಸೊಗಸಾದ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದವನು. ಸೋದರಮಾವ ‘ಯಶೋಧರಚರಿತೆ’ಯ ಜನ್ನ. ಅಂದರೆ ಈ ವ್ಯಾಕರಣಕಾರ ಬೆಳೆದದ್ದು ಕಾವ್ಯ ತುಂಬಿದ ಮನೆಯಲ್ಲಿ. ಅವನ ಎಂಟು ಪ್ರಕರಣಗಳಲ್ಲಿ — ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ — ಹೆಜ್ಜೆಹೆಜ್ಜೆಗೂ ಕವಿಗಳ ಪ್ರಯೋಗವೇ ಸಾಕ್ಷಿ. ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರ ಹೆಸರು ಹೇಳಿ ಅವರ ಮಾರ್ಗವೇ ತನಗೆ ಲಕ್ಷ್ಯ ಎನ್ನುತ್ತಾನೆ. ಲಕ್ಷ್ಯವಿದ್ದರೆ ಲಕ್ಷಣ, ಮೊದಲು ಬರೆದವರು, ಆಮೇಲೆ ನಿಯಮ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಕೇಶಿರಾಜನನ್ನು ಉಂಬಳದ ಪಕ್ಷಕ್ಕೆ ಎಳೆದುಕೊಳ್ಳುವುದು ಸುಲಭವಲ್ಲ. ಅವನ ಕಾಲಕ್ಕೆ ಹಳೆಯ ‘ೞ’ಕಾರ ಜನರ ಬಾಯಿಂದ ಜಾರಿಹೋಗುತ್ತಿತ್ತು. ಅವನು ಜನರ ಬಾಯನ್ನು ಹಿಂಬಾಲಿಸಲಿಲ್ಲ. ಯಾವ ಶಬ್ದಕ್ಕೆ ಯಾವ ಅಕ್ಷರವೆಂದು ಪಟ್ಟಿ ಹಾಕಿಕೊಟ್ಟು ಹಳೆಯ ಕವಿಗಳ ಕಡೆ ನಿಂತ. ಅವನು ಕಾಪಾಡಹೊರಟದ್ದು ಉಳಿಯಲಿಲ್ಲ, ಆದರೆ ಅವನು ಬರೆದಿಟ್ಟದ್ದರಿಂದ ನಾವು ಪಂಪನನ್ನು ಓದಬಲ್ಲೆವು. ವ್ಯಾಕರಣಕಾರನ ಹಟಕ್ಕೂ ಒಂದು ಪುಣ್ಯವಿದೆ. ಭೇದವನ್ನು ಮರೆಯಬೇಡಿ, ಎರಡು ಧ್ವನಿಯನ್ನು ಒಂದು ಮಾಡಬೇಡಿ ಎಂಬುದೇ ಅವನ ಹಟ. ಹಾಗೆ ನೋಡಿದರೆ ಜಿಗಣೆಯನ್ನೂ ಉಂಬಳವನ್ನೂ ಒಂದು ಮಾಡಿದ ನನ್ನ ಕೈಯನ್ನು ಕೇಶಿರಾಜನೇ ಮೊದಲು ಹಿಡಿಯುತ್ತಿದ್ದನೇನೋ.

ವ್ಯಾಕರಣದಿಂದ ಪದ, ಪದದಿಂದ ಅರ್ಥ, ಅರ್ಥದಿಂದ ತತ್ತ್ವದ ಅರಿವು, ಅದರಿಂದ ಮುಕ್ತಿ ಎಂದು ಅವನು ಫಲಶ್ರುತಿ ಹೇಳುತ್ತಾನೆ. ಇದನ್ನು ತರಗತಿಯಲ್ಲಿ ವಿವರಿಸಿದಾಗ ಒಬ್ಬ ಹುಡುಗ, “ಮುಕ್ತಿ ಬೇಡ ಸಾರ್, ಪಾಸು ಸಾಕು” ಎಂದ. ನಗು ಬಂತು. ಆದರೆ ಪದದಿಂದ ಅರ್ಥಕ್ಕೆ ಎಂಬ ಎರಡನೆಯ ಮೆಟ್ಟಿಲನ್ನಾದರೂ ನಾವು ಹತ್ತಿಸುತ್ತಿದ್ದೇವೆಯೇ ಎಂದು ಆಮೇಲೆ ಚಿಂತೆಯಾಯಿತು.

*

ಬ್ಯಾಕೋಡಿನವರಿಗೆ ಈ ಕಥೆಯಲ್ಲಿ ಒಂದು ವಿಶೇಷ ಪಾಲಿದೆ. ಅದನ್ನು ಅಲ್ಲಿಯವರೇ ಹೆಚ್ಚಾಗಿ ಅರಿಯರು. ಬ್ಯಾಕೋಡಿನಿಂದ ಕೋಗಾರು ಘಾಟಿಯನ್ನು ಇಳಿದು ಭಟ್ಕಳದ ಕಡೆಗೆ ಹೋದರೆ ಹಾಡುವಳ್ಳಿ ಎಂಬ ಊರು ಸಿಗುತ್ತದೆ. ಸಂಸ್ಕೃತದಲ್ಲಿ ಸಂಗೀತಪುರ. ಇಂದು ಕಾಡು, ತೋಟ, ಒಂದೆರಡು ಬಸದಿ, ಇಪ್ಪತ್ತನಾಲ್ವರು ತೀರ್ಥಂಕರರ ಮೂರ್ತಿಗಳು. ಒಂದು ಕಾಲಕ್ಕೆ ಅದು ರಾಜಧಾನಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಆಳಿದ ಸೀಮೆ; ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರೆನ್ನಲಾದ ಆಕೆಯ ಹೆಸರು ಹೇಳುವ ಕಾನೂರು ಕೋಟೆ ಸಾಗರ ತಾಲ್ಲೂಕಿನ ಕಾಡಿನಲ್ಲಿ ಇಂದಿಗೂ ಕುಸಿದು ನಿಂತಿದೆ.

ಆ ಹಾಡುವಳ್ಳಿಯ ಜೈನಮಠದ ಗುರುಗಳ ಶಿಷ್ಯನೇ ಭಟ್ಟಾಕಳಂಕದೇವ. ೧೬೦೪ರಲ್ಲಿ ಇವನು ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ. ೫೯೨ ಸೂತ್ರಗಳು, ಅವಕ್ಕೆ ವೃತ್ತಿ, ವೃತ್ತಿಗೆ ವ್ಯಾಖ್ಯಾನ. ಹಳೆಯ ಮೂವರು ದೊಡ್ಡ ವೈಯಾಕರಣರಲ್ಲಿ ಕೊನೆಯವನು. ಗ್ರಂಥದ ಭಾಷೆ ಸಂಸ್ಕೃತ; ವಿಷಯ ಕನ್ನಡ. ಏಕೆ ಹೀಗೆ? ಗ್ರಂಥದೊಳಗೇ ಉತ್ತರವಿದೆ. ದೇಶಭಾಷೆಗೆ ಶಾಸ್ತ್ರವೇಕೆ, ಅದು ಪಂಡಿತರು ಆದರಿಸತಕ್ಕದ್ದಲ್ಲ ಎಂಬ ಆಕ್ಷೇಪವನ್ನು ಅವನೇ ಎತ್ತಿಕೊಂಡು ಉತ್ತರ ಹೇಳುತ್ತಾನೆ. ಕನ್ನಡ ಶಾಸ್ತ್ರಕ್ಕೆ ಒದಗದ ಭಾಷೆಯಲ್ಲ. ತೊಂಬತ್ತಾರು ಸಾವಿರ ಗ್ರಂಥಪ್ರಮಾಣದ ‘ಚೂಡಾಮಣಿ’ ಎಂಬ ವ್ಯಾಖ್ಯಾನವೇ ಈ ಭಾಷೆಯಲ್ಲಿದೆ. ಶಬ್ದಾಗಮ, ಯುಕ್ತ್ಯಾಗಮ, ಪರಮಾಗಮಗಳ ವಿಷಯದಲ್ಲೂ ಕಾವ್ಯ ನಾಟಕಗಳಲ್ಲೂ ಗ್ರಂಥಗಳಿವೆ ಎಂದು ವಾದಿಸುತ್ತಾನೆ. ಅವಹೇಳನ ಮಾಡುವವರು ಯಾವ ಭಾಷೆಯನ್ನು ಒಪ್ಪುತ್ತಿದ್ದರೋ ಆ ಭಾಷೆಯಲ್ಲೇ ತನ್ನ ಭಾಷೆಯ ಪರವಾಗಿ ವಕಾಲತ್ತು ಹೂಡಿದ.

ಕಾಲವನ್ನು ಗಮನಿಸಿದರೆ ಮನಸ್ಸು ಕಲಕುತ್ತದೆ. ಗ್ರಂಥ ಮುಗಿದ ಕೆಲವೇ ವರ್ಷಗಳೊಳಗೆ ಕೆಳದಿಯ ವೆಂಕಟಪ್ಪನಾಯಕನ ಕೈಯಲ್ಲಿ ಗೇರುಸೊಪ್ಪೆಯ ರಾಜ್ಯ ಬಿದ್ದಿತು, ರಾಣಿ ಸೆರೆಯಾದಳು. ಮೆಣಸಿನ ವ್ಯಾಪಾರ ಬೇರೆಯವರ ಪಾಲಾಯಿತು, ಬಸದಿಗಳ ಮೇಲೆ ಮರ ಬೆಳೆಯಿತು. ೫೯೨ ಸೂತ್ರಗಳು ಉಳಿದವು. ೧೮೯೦ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಅಚ್ಚು ಹಾಕಿಸಿದ ಮೇಲೆ ಲೋಕಕ್ಕೆಲ್ಲ ತಿಳಿಯಿತು. ನನ್ನ ಹುಡುಗಿಯ ‘ನಮ್ಮಲ್ಲಿ ಹಾಗೆ ಹೇಳುವುದಿಲ್ಲ’ ಎಂಬ ಮಾತಿಗೂ ಭಟ್ಟಾಕಳಂಕನ ವಾದಕ್ಕೂ ನಡುವೆ ಇರುವುದು ನಾಲ್ಕು ಶತಮಾನ ಮತ್ತು ಒಂದು ಘಾಟಿ. ಇಬ್ಬರೂ ಹೇಳಿದ್ದು ಒಂದೇ: ನಮ್ಮ ಮಾತಿಗೂ ಒಂದು ನಿಯಮವಿದೆ, ಕೇಳಿ. ಅವನ ಕೈಯಲ್ಲಿ ಶಾಸ್ತ್ರವಿತ್ತು. ಅವಳ ಕೈಯಲ್ಲಿ ಕೆಂಪು ಗೀಟು ಬಿದ್ದ ಒಂದು ಪುಸ್ತಕವಿತ್ತು.

*

ಹಾಗಾದರೆ ಗೋಡೆ ಎದ್ದದ್ದು ಯಾವಾಗ?

ಹತ್ತೊಂಬತ್ತನೆಯ ಶತಮಾನದ ಮೊದಲಿಗೆ ಕನ್ನಡ ಕಲಿಯಬೇಕಾದ ಹೊಸ ವಿದ್ಯಾರ್ಥಿಗಳು ಬಂದರು: ಮಿಷನರಿಗಳು, ಕಂಪನಿಯ ಅಧಿಕಾರಿಗಳು. ಅವರಿಗೆ ಕಾವ್ಯ ಬರೆಯುವ ಅಗತ್ಯವಿರಲಿಲ್ಲ. ಭಾಷೆಯ ಕಟ್ಟು ತಿಳಿದರೆ ಸಾಕಾಗಿತ್ತು. ೧೮೧೭ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಅಚ್ಚಾಯಿತು. ೧೮೩೮ರಲ್ಲಿ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ ಬಂತು. ಹೊಸಗನ್ನಡಕ್ಕೆ ಹೊಸಗನ್ನಡದಲ್ಲೇ ಬರೆದ ಈ ವ್ಯಾಕರಣ ದೊಡ್ಡ ಹೆಜ್ಜೆ. ೧೮೭೨ರಲ್ಲಿ ಕಿಟ್ಟೆಲರು ಮಂಗಳೂರಿನಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಪ್ರಕಟಿಸಿದರು, ೧೯೦೩ರಲ್ಲಿ ತಮ್ಮದೇ ವ್ಯಾಕರಣವನ್ನೂ ಹೊರತಂದರು. ಈ ಮಹನೀಯರ ಋಣವನ್ನು ಯಾವ ಕನ್ನಡಿಗನೂ ತೀರಿಸಲಾರ. ಆದರೆ ಇದೇ ಕಾಲದಲ್ಲಿ ಸರ್ಕಾರಿ ಶಾಲೆಗಳು ಹೆಚ್ಚಿದವು, ಪಠ್ಯಪುಸ್ತಕ ಬಂತು, ಪರೀಕ್ಷೆ ಬಂತು. ಮರಳಿನ ಮೇಲೆ ಅಕ್ಷರ ತಿದ್ದಿಸಿ ಜೈಮಿನಿ ಭಾರತವನ್ನು ಬಾಯಿಪಾಠ ಮಾಡಿಸುತ್ತಿದ್ದ ಕೂಲಿಮಠಗಳು ಹಿಂದೆ ಸರಿದವು. ಪರೀಕ್ಷೆಗೆ ಅಂಕ ಬೇಕು, ಅಂಕಕ್ಕೆ ಭಾಗಗಳು ಬೇಕು. ‘ಅ’ ವಿಭಾಗ ವ್ಯಾಕರಣವಾಯಿತು, ‘ಆ’ ವಿಭಾಗ ಪ್ರಬಂಧವಾಯಿತು. ಗೋಡೆ ಕಟ್ಟಿದ್ದು ಪಾಣಿನಿಯೂ ಅಲ್ಲ, ಕೇಶಿರಾಜನೂ ಅಲ್ಲ; ಪ್ರಶ್ನೆಪತ್ರಿಕೆ.

ಗೋಡೆಯನ್ನು ಕೆಡವಲು ಯತ್ನಿಸಿದವರೂ ಇಲ್ಲದಿಲ್ಲ. ತೀ. ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ತೆರೆದರೆ ನಿಯಮದ ಹಿಂದೆ ಒಬ್ಬ ರಸಿಕ ಕುಳಿತಿರುವುದು ಕಾಣುತ್ತದೆ. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ನಡಹಳ್ಳಿಯಲ್ಲಿ ಹುಟ್ಟಿದ ಎನ್. ರಂಗನಾಥಶರ್ಮರು ವಾಲ್ಮೀಕಿ ರಾಮಾಯಣವನ್ನು ಕನ್ನಡಿಸಿದ ಕೈಯಿಂದಲೇ ‘ಹೊಸಗನ್ನಡ ವ್ಯಾಕರಣ’ವನ್ನೂ ಬರೆದರು. ಇತ್ತ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿ ಪಂಡಿತರ ನಿದ್ದೆ ಕೆಡಿಸಿದರು. ಅವರ ಎಲ್ಲ ಮಾತನ್ನೂ ಒಪ್ಪದವರು ಕೂಡ ಆಡುಮಾತಿಗೆ ಕಿವಿಗೊಡಬೇಕೆಂಬುದನ್ನು ಅಲ್ಲಗಳೆಯಲಾರರು.

ಬರೆದವರ ಸಾಕ್ಷಿಯಂತೂ ಕಣ್ಣೆದುರಿಗೇ ಇದೆ. ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು ಅವರು ತಾರುಣ್ಯದಲ್ಲಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದ ಪ್ರಸಂಗ ಪ್ರಸಿದ್ಧವಾದದ್ದು. ಅವರು ಕನ್ನಡಕ್ಕೆ ಬಂದರು. ಬರುವಾಗ ಮಲೆನಾಡಿನ ಮಾತನ್ನು ಬಾಗಿಲ ಹೊರಗೆ ಬಿಟ್ಟು ಬರಲಿಲ್ಲ. ೧೯೬೭ರ ‘ಮಲೆಗಳಲ್ಲಿ ಮದುಮಗಳು’ ಹಸ್ತಪ್ರತಿ ನನ್ನಂಥ ಮೇಷ್ಟರ ಮೇಜಿಗೆ ಬಂದಿದ್ದರೆ ಎಷ್ಟು ಬಾಟಲಿ ಕೆಂಪು ಶಾಯಿ ಖರ್ಚಾಗುತ್ತಿತ್ತೋ!

*

ಈಗ ನಾನು ವರ್ಷಾರಂಭದಲ್ಲಿ ಒಂದೇ ನೋಟುಬುಕ್ಕು ತರಲು ಹೇಳುತ್ತೇನೆ. ಮೊದಲ ದಿನ ಹಲಗೆಯ ಮೇಲೆ ಸೂತ್ರ ಬರೆಯುವುದಿಲ್ಲ. ನಿಮ್ಮ ಮನೆಯಲ್ಲಿ ಆಡುವ, ಈ ತರಗತಿಯಲ್ಲಿ ಬೇರೆಯವರಿಗೆ ಗೊತ್ತಿರಲಾರದ ಒಂದು ಮಾತು ಕೊಡಿ ಎನ್ನುತ್ತೇನೆ. ಆ ಮಾತನ್ನಿಟ್ಟು ಎರಡು ವಾಕ್ಯ ಬರೆಯಿಸುತ್ತೇನೆ. ವಾಕ್ಯದೊಳಗಿಂದ ವ್ಯಾಕರಣ ತಾನೇ ಎದ್ದು ಬರುತ್ತದೆ. ಆದೇಶಸಂಧಿಗೆ ಪಠ್ಯಪುಸ್ತಕಗಳು ತಪ್ಪದೆ ಕೊಡುವ ಉದಾಹರಣೆ ‘ಬೆಟ್ಟದಾವರೆ’. ಆ ಹೂವನ್ನು ನಾನೂ ಕಂಡಿಲ್ಲ, ನನ್ನ ವಿದ್ಯಾರ್ಥಿಗಳೂ ಕಂಡಿಲ್ಲ. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ವಾಗುವುದು ಕಿಟಕಿಯ ಹೊರಗೇ ನಡೆಯುತ್ತಿರುತ್ತದೆ.

ಒಮ್ಮೆ ಬ್ಯಾಕೋಡಿನ ಶಾಲೆಯಲ್ಲಿದ್ದ ಅಧ್ಯಾಪಕ ಮಿತ್ರರೊಬ್ಬರು, “ನಮ್ಮ ಮಕ್ಕಳಿಗೂ ಒಂದು ದಿನ ಹೀಗೆ ಪಾಠ ಮಾಡಿ” ಎಂದು ಕರೆದರು. ಜೂನ್ ತಿಂಗಳ ಶನಿವಾರ. ಲಾಂಚು ದಾಟಿ ಹೋದೆ. ಮಕ್ಕಳು ಕೊಟ್ಟ ಮೊದಲ ಮಾತು ‘ಹೊಳೆಬಾಗಿಲು’. ಲಾಂಚು ನಿಲ್ಲುವ ಕಡವಿಗೆ ಜನ ಇಟ್ಟ ಹೆಸರು. ಹೊಳೆಯ ಬಾಗಿಲು, ತತ್ಪುರುಷ ಸಮಾಸ. “ಬಾಗಿಲು ಎಂದು ಯಾಕೆ ಹೇಳುತ್ತಾರೆ?” ಎಂದೆ. “ಸಂಜೆ ಆದ ಮೇಲೆ ಹಾಕಿಬಿಡ್ತಾರೆ ಸಾರ್” ಎಂದ ಒಬ್ಬ. ಕೊನೆಯ ಲಾಂಚು ಹೋದ ಮೇಲೆ ಆ ದಡದಲ್ಲಿ ಕಾಯಿಲೆಯವರನ್ನಿಟ್ಟುಕೊಂಡು ರಾತ್ರಿ ಕಳೆದ ಮನೆಗಳು ಅಲ್ಲಿ ಬಹಳ. ಸಮಾಸದ ವಿಗ್ರಹವಾಕ್ಯ ಅಷ್ಟು ಗಟ್ಟಿಯಾಗಿ ನನಗೆ ಎಲ್ಲೂ ಕೇಳಿಸಿರಲಿಲ್ಲ.

ಎರಡನೆಯ ಮಾತು ‘ಮುಳುಗಡೆ’. ಈ ಮಾತಿನ ಹಿಂದಿನ ಚರಿತ್ರೆಯನ್ನು ಹೊರಗಿನ ವಾಚಕರಿಗೆ ಎರಡು ಮಾತಿನಲ್ಲಿ ಹೇಳಬೇಕು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಗೆ ವಿದ್ಯುತ್ತಿಗಾಗಿ ಮೊದಲು ಹಿರೇಭಾಸ್ಕರದಲ್ಲಿ ಅಣೆಕಟ್ಟಾಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಎದ್ದಾಗ ಹಿರೇಭಾಸ್ಕರದ ಕಟ್ಟೆಯೇ ಮುಳುಗಿತು. ಲಿಂಗನಮಕ್ಕಿಯ ನೀರಿನ ಪೂರ್ಣಮಟ್ಟ ೧೮೧೯ ಅಡಿ. ಆ ಗೆರೆಯ ಕೆಳಗಿದ್ದ ಗದ್ದೆ, ತೋಟ, ಮನೆ, ದೇವಸ್ಥಾನಗಳೆಲ್ಲ ನೀರಿನ ಪಾಲಾದವು. ಕರೂರು, ಭಾರಂಗಿ ಸೀಮೆಯ ಮೇಲ್ಭಾಗದಲ್ಲಿ ಉಳಿದವರಿಗೆ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಘಟ್ಟ. ನಾಡಿಗೆಲ್ಲ ದೀಪ ಹತ್ತಿತು. ಎದ್ದುಹೋದವರು ಜಿಲ್ಲೆಯ ಬೇರೆ ಬೇರೆ ಕಾಡಿನ ಅಂಚಿನಲ್ಲಿ ನೆಲೆಸಿದರು. ಅವರ ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರದ ಮಾತು ಮುಗಿಯಲಿಲ್ಲ. ಸಾಗರದ ನಾ. ಡಿಸೋಜರು ಈ ಸಂಕಟವನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ವನ್ನು ೨೦೦೨ರಲ್ಲಿ ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದರು.

ಒಬ್ಬ ಹುಡುಗ ಬರೆದು ಓದಿದ: “ನಮ್ಮಜ್ಜನ ಊರು ಮುಳುಗಿತು.” ಹಲಗೆಯ ಮೇಲೆ ಬರೆಸಿದೆ. ಕರ್ತೃ ಯಾರು ಎಂದೆ. ಊರು ಎಂದರು. ಕರ್ಮ? ಇಲ್ಲ; ಅಕರ್ಮಕ ಕ್ರಿಯಾಪದ. ಸರಿ. “ಊರು ತಾನಾಗಿ ಮುಳುಗಿತೇ?” ಎಂದೆ. ತರಗತಿ ಸ್ತಬ್ಧವಾಯಿತು, ಮಳೆಯ ಸದ್ದಷ್ಟೆ. ಹಿಂದಿನಿಂದ ಒಬ್ಬಳು ಹೇಳಿದಳು: “ಮುಳುಗಿಸಿದರು.”

‘ಇಸು’ — ಪ್ರೇರಣಾರ್ಥಕ ಪ್ರತ್ಯಯ. ಮುಳುಗು, ಮುಳುಗಿಸು. ಎರಡಕ್ಷರ ಸೇರಿದೊಡನೆ ವಾಕ್ಯಕ್ಕೆ ಹೊಸ ಕರ್ತೃವೊಬ್ಬ ಬೇಕಾದ. ಅದುವರೆಗೆ ಕರ್ತೃವಾಗಿದ್ದ ಊರು ದ್ವಿತೀಯಾ ವಿಭಕ್ತಿ ಹಿಡಿದು ಕರ್ಮವಾಯಿತು. “ಊರನ್ನು ಮುಳುಗಿಸಿದರು.” ಯಾರು? ಸರ್ಕಾರ ಎಂದರು ಕೆಲವರು, ಎಂಜಿನಿಯರು ಎಂದರು ಕೆಲವರು. ಒಬ್ಬ ಮೇಲೆ ಉರಿಯುತ್ತಿದ್ದ ದೀಪವನ್ನು ತೋರಿಸಿದ. ನಾನು ಯಾವುದನ್ನೂ ಸರಿ, ತಪ್ಪು ಎನ್ನಲಿಲ್ಲ. ಯಾವ ವಾಕ್ಯವನ್ನು ಬರೆಯಬೇಕೆಂದು ತೀರ್ಮಾನಿಸುವುದು ಬರೆಯುವವರ ಕೆಲಸ. ಎರಡು ವಾಕ್ಯಗಳಿವೆ, ಅವುಗಳ ಅರ್ಥ ಬೇರೆ ಬೇರೆ ಎಂದು ತೋರಿಸುವುದು ವ್ಯಾಕರಣದ ಕೆಲಸ. ಇಷ್ಟನ್ನು ಮಾಡದ ವ್ಯಾಕರಣ ಯಾತಕ್ಕೆ?

ಹೀಗೆ ಹೇಳಿದೊಡನೆ ಕೆಲವು ಸಹೋದ್ಯೋಗಿಗಳು ಕೇಳುವ ಪ್ರಶ್ನೆ ನನಗೆ ಗೊತ್ತಿದೆ: ಮಕ್ಕಳು ಏನು ಬರೆದರೂ ಸರಿಯೇ? ಅಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾದರೆ ನಾನು ಇಂದಿಗೂ ತಿದ್ದುತ್ತೇನೆ. ಕರ್ತೃ ಬಹುವಚನವಿದ್ದು ಕ್ರಿಯಾಪದ ಏಕವಚನವಾದರೆ ಬಿಡುವುದಿಲ್ಲ. ಅರ್ಜಿ ಬರೆಯುವ ಕನ್ನಡ, ಪರೀಕ್ಷೆಯ ಕನ್ನಡ ಮಕ್ಕಳಿಗೆ ಬರಲೇಬೇಕು. ಬಾರದಿದ್ದರೆ ನಷ್ಟ ಬಡವರ ಮಕ್ಕಳಿಗೇ ಮೊದಲು. ಆದರೆ ತಪ್ಪು ಬೇರೆ, ಬೇರೆಯ ಮಾತು ಬೇರೆ. ಕೆಂಪು ಶಾಯಿ ಎತ್ತುವ ಮೊದಲು ಇದು ಯಾವುದೆಂದು ಕೇಳಿಕೊಳ್ಳಬೇಕು. ಗೊತ್ತಿಲ್ಲದಿದ್ದರೆ ಬರೆದವರನ್ನೇ ಕೇಳಬೇಕು. ಕೇಶಿರಾಜನು ಕವಿಗಳನ್ನು ಕೇಳಿದ. ನಾವು ಮಕ್ಕಳನ್ನು ಕೇಳಿದರೆ ನಮ್ಮ ಘನತೆಗೆ ಕುಂದಿಲ್ಲ.

೨೦೨೫ರ ಜೂನ್‌ನಲ್ಲಿ ತರಗತಿಗಳು ಆರಂಭವಾದಾಗ ಅಂಬಾರಗೋಡ್ಲು-ಕಳಸವಳ್ಳಿಗಳ ನಡುವೆ ಸೇತುವೆ ಕಟ್ಟಿ ನಿಂತಿತ್ತು, ತೆರೆದಿರಲಿಲ್ಲ. ಜುಲೈ ೧೪ರಂದು ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ, ಹುರಿಗಳಿಂದ ತೂಗಿದ ಸೇತುವೆ. ಹೊಳೆಗೆ ಈಗ ಸಂಜೆ ಬಾಗಿಲು ಹಾಕುವವರಿಲ್ಲ. ಹಿನ್ನೀರಿನ ಆಚೆಯವರು ಅರವತ್ತು ವರ್ಷ ಕಾದ ಮಾತು ಕೊನೆಗೆ ಕಾಂಕ್ರೀಟಿನಲ್ಲಿ ಬಂದಿದೆ. ಅದರ ಮೇಲೆ ಮೊದಲ ಸಲ ಬಸ್ಸಿನಲ್ಲಿ ಹೋಗುವಾಗ ನನಗೆ ನೆನಪಾದದ್ದು ಆ ಹುಡುಗಿಯ ಪುಸ್ತಕ. ‘ಸಂಕ’ವನ್ನು ಹೊಡೆದು ‘ಸೇತುವೆ’ ಎಂದು ನಾನು ಬರೆದಿದ್ದೆನಲ್ಲ! ಸೇತುವೆಯೆಂದರೆ ಇದು. ಅವಳಮ್ಮ ಸಸಿ ಹಿಡಿದು ದಾಟುತ್ತಿದ್ದದ್ದು ಇದಲ್ಲ.

ಬಸ್ಸು ತುಮರಿ ದಾಟಿ ಬ್ಯಾಕೋಡಿನ ಕಡೆ ತಿರುಗಿತು. ಗದ್ದೆಗಳಲ್ಲಿ ನೆಟ್ಟಿ ನಡೆದಿತ್ತು.